ಬಾವಂಚಿ ಎಣ್ಣೆ, ಕಾಳುಮೆಣಸು, ಮೂಲಿಕೆ ಮುಲಾಮು: ತೊನ್ನಿಗೆ ಹಚ್ಚುವ ಮೊದಲು

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಆರು ತಿಂಗಳ ಹಿಂದೆ ಅವಳ ಬಲ ಮಂಡಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಈಗ ಕೆಳತುಟಿಯ ಅಂಚಿನಲ್ಲೂ ಸಣ್ಣದೊಂದು ಬಂದಿದೆ. ನಮ್ಮ ಅತ್ತೆಯವರು ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಬೀಜ ತರಿಸಿ ಎಣ್ಣೆ ಕಾಯಿಸಿಟ್ಟಿದ್ದಾರೆ. ಅದನ್ನು ಹಚ್ಚಿ ಬೆಳಗಿನ ಬಿಸಿಲಿಗೆ ಕೂರಿಸಿದರೆ ವಾಸಿಯಾಗುತ್ತದೆ ಎನ್ನುತ್ತಾರೆ. ನೆಂಟರೊಬ್ಬರು ಕಾಳುಮೆಣಸು ಅರೆದು ಹಚ್ಚಲು ಹೇಳಿದರು, ಮತ್ತೊಬ್ಬರು ಆನ್‌ಲೈನಿನಲ್ಲಿ ಸಿಗುವ ಮೂಲಿಕೆ ಮುಲಾಮನ್ನು ಸೂಚಿಸಿದರು. ಇವುಗಳಲ್ಲಿ ಯಾವುದಕ್ಕಾದರೂ ಆಧಾರವಿದೆಯೇ? ಮಗುವಿಗೆ ಹಾಲು, ಮೀನು, ಹುಳಿ ಬಿಡಿಸಬೇಕೇ?

ಉತ್ತರ: ಮೊದಲಿಗೆ, ನಿಮಗೆ ಇಂದೇ ಬೇಕಾಗಿರುವ ಮಾತನ್ನು ಹೇಳಿಬಿಡುತ್ತೇನೆ. ದಯವಿಟ್ಟು ಆ ಎಣ್ಣೆಯನ್ನು ಮಗುವಿನ ಮಂಡಿಗೂ ಹಚ್ಚಬೇಡಿ, ತುಟಿಗಂತೂ ಖಂಡಿತ ಬೇಡ. ಬಾವಂಚಿಯಲ್ಲಿ ಗುಣವಿಲ್ಲ ಎಂಬ ಕಾರಣಕ್ಕೆ ಈ ಮಾತನ್ನು ಹೇಳುತ್ತಿಲ್ಲ. ನಿಮ್ಮ ಅತ್ತೆಯವರ ಮಾತಿನ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಅನುಭವವಿದೆ, ಮತ್ತು ಆ ಅನುಭವದ ತಿರುಳನ್ನು ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನ ಒಪ್ಪಿಕೊಂಡಿದೆ. ಬಾವಂಚಿ ಬೀಜದಲ್ಲಿರುವುದು ನಿಜವಾದ, ಪ್ರಬಲವಾದ ಔಷಧ. ಅಷ್ಟು ಪ್ರಬಲವಾದ ಔಷಧವನ್ನು ಅಳತೆಯಿಲ್ಲದೆ ಮಗುವಿನ ಚರ್ಮಕ್ಕೆ ಹಚ್ಚಿ, ಅಳತೆಯಿಲ್ಲದ ಬಿಸಿಲಿಗೆ ಒಡ್ಡುವುದೇ ಇಲ್ಲಿರುವ ಅಪಾಯ.

ಔಷಧದ ಮಾತಿಗೆ ಮುನ್ನ ಕಾಯಿಲೆ ಯಾವುದೆಂದು ಖಚಿತವಾಗಬೇಕು. ಮಕ್ಕಳಲ್ಲಿ ಕಾಣುವ ಬಿಳಿ ಮಚ್ಚೆಗಳೆಲ್ಲ ತೊನ್ನಲ್ಲ. ಕೆನ್ನೆಯ ಮೇಲೆ ಅಂಚು ಮಸುಕಾಗಿ, ಸ್ವಲ್ಪ ಹೊಟ್ಟೆದ್ದಂತೆ ಕಾಣುವ ಮಚ್ಚೆ ಹೆಚ್ಚಾಗಿ ಒಣಚರ್ಮದ ಒಂದು ನಿರಪಾಯ ಸ್ಥಿತಿ. ಬೆನ್ನು, ಎದೆ, ಕುತ್ತಿಗೆಯ ಮೇಲೆ ಹಬ್ಬುವ ಚಿಬ್ಬು ಶಿಲೀಂಧ್ರದಿಂದ ಬರುವಂಥದ್ದು. ಹುಟ್ಟಿದಾಗಿನಿಂದ ಇದ್ದು, ಮಗು ಬೆಳೆದಂತೆ ಅದೇ ಪ್ರಮಾಣದಲ್ಲಿ ಬೆಳೆಯುವ ಮಚ್ಚೆಯೇ ಬೇರೆ. ಸ್ಪರ್ಶಜ್ಞಾನ ಕಡಿಮೆಯಾಗಿರುವ ತಿಳಿಬಣ್ಣದ ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾದ, ಪೂರ್ತಿ ಗುಣಪಡಿಸುವ ಚಿಕಿತ್ಸೆಯಿದೆ. ತೊನ್ನಿನ ಮಚ್ಚೆ ಸುಣ್ಣದಂತೆ ಬೆಳ್ಳಗಿರುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ಹೊಟ್ಟೇಳುವುದಿಲ್ಲ, ಮುಟ್ಟಿದರೆ ಎಂದಿನಂತೆ ಗೊತ್ತಾಗುತ್ತದೆ. ವೈದ್ಯರು ಕತ್ತಲ ಕೋಣೆಯಲ್ಲಿ ವುಡ್ಸ್ ದೀಪ ಎಂಬ ನೇರಳಾತೀತ ದೀಪ ಹಿಡಿದಾಗ ಅದು ಹೊಳೆಯುವ ನೀಲಿಬಿಳುಪಾಗಿ ಎದ್ದು ಕಾಣುತ್ತದೆ. ಸುಲಭವಾದ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಆಡಿ, ಬಿದ್ದು, ಉಜ್ಜಿಕೊಳ್ಳುವ ಮಂಡಿಯ ಜೊತೆಗೆ ತುಟಿಯ ಅಂಚಿನಲ್ಲೂ ಮಚ್ಚೆ ಬಂದಿದೆ ಎಂಬ ನಿಮ್ಮ ವಿವರಣೆ ತೊನ್ನಿಗೆ ಹೊಂದುವಂತಿದೆ. ಹಾಗಿದ್ದರೂ ನೋಡದೆ ನಾನು ತೀರ್ಮಾನ ಕೊಡುವುದು ಸರಿಯಲ್ಲ. ಮುಂದಿನ ಮಾತುಗಳನ್ನು ಅದು ತೊನ್ನೇ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವನ್ನು ಮೆಲನೊಸೈಟ್ ಎಂಬ ವರ್ಣಕೋಶಗಳು ತಯಾರಿಸುತ್ತವೆ. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ಕೆಲವು ಬಿಳಿ ರಕ್ತಕಣಗಳು ಈ ವರ್ಣಕೋಶಗಳನ್ನು ಪರಕೀಯವೆಂದು ಭಾವಿಸಿ ನಾಶಮಾಡುತ್ತವೆ. ಹಾಗಾಗಿ ಚಿಕಿತ್ಸೆಗೆ ಎರಡು ಕೆಲಸಗಳಿವೆ: ಈ ದಾಳಿಯನ್ನು ತಣಿಸುವುದು, ಮತ್ತು ಬರಿದಾದ ಜಾಗಕ್ಕೆ ಹೊಸ ವರ್ಣಕೋಶಗಳನ್ನು ಕರೆತರುವುದು. ಹೊಸ ಕೋಶಗಳು ಮುಖ್ಯವಾಗಿ ಬರುವುದು ಕೂದಲ ಬುಡದಿಂದ. ಚರ್ಮದ ಮೇಲ್ಪದರದಲ್ಲಿ ವರ್ಣಕೋಶಗಳೆಲ್ಲ ಅಳಿದರೂ ರೋಮಕೂಪದ ಆಳದಲ್ಲಿ ಅವುಗಳ ಮೂಲಕೋಶಗಳು ಉಳಿದಿರುತ್ತವೆ. ಚಿಕಿತ್ಸೆ ಫಲಿಸತೊಡಗಿದಾಗ ಬಿಳಿ ಮಚ್ಚೆಯ ನಡುವೆ, ಒಂದೊಂದು ರೋಮದ ಸುತ್ತಲೂ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಂದು ಚುಕ್ಕೆಗಳು ಏಳುತ್ತವೆ. ವಾರಗಳು ಕಳೆದಂತೆ ಅವು ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಚಿಕಿತ್ಸೆ ಪಡೆಯುವವರಲ್ಲಿ ಮೊದಲ ಚುಕ್ಕೆ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು.

ಈ ಒಂದು ಸಂಗತಿಯಿಂದ ನಿಮ್ಮ ಮಗಳ ಎರಡು ಮಚ್ಚೆಗಳ ವ್ಯತ್ಯಾಸ ತಿಳಿಯುತ್ತದೆ. ಒಂದು ಭೂತಗನ್ನಡಿ ಹಿಡಿದು ಮಂಡಿಯ ಮಚ್ಚೆಯಲ್ಲಿರುವ ನವಿರು ಕೂದಲನ್ನು ನೋಡಿ. ಕೂದಲು ಇನ್ನೂ ಕಪ್ಪಾಗಿದ್ದರೆ ಬುಡದಲ್ಲಿ ವರ್ಣಕೋಶಗಳ ದಾಸ್ತಾನು ಉಳಿದಿದೆ ಎಂದರ್ಥ, ಬಣ್ಣ ಮರಳುವ ಸಾಧ್ಯತೆ ಚೆನ್ನಾಗಿದೆ. ಕೂದಲೂ ಬೆಳ್ಳಗಾಗಿದ್ದರೆ ಹಚ್ಚುವ ಯಾವ ಔಷಧಕ್ಕೂ, ಅದು ಗಿಡದಿಂದ ಬಂದಿರಲಿ ಕಾರ್ಖಾನೆಯಿಂದ ಬಂದಿರಲಿ, ಕೆಲಸ ಕಷ್ಟವಾಗುತ್ತದೆ. ತುಟಿಯ ಕೆಂಪು ಭಾಗದಲ್ಲಿ ರೋಮಕೂಪಗಳೇ ಇಲ್ಲ. ಅಲ್ಲಿ ಬಣ್ಣ ಬರುವುದಿದ್ದರೆ ಸುತ್ತಲಿನ ಅಂಚಿನಿಂದ ಮಾತ್ರ ನಿಧಾನವಾಗಿ ಬರಬೇಕು. ತುಟಿಯ ತೊಗಲು ತೀರ ತೆಳುವಾದ್ದರಿಂದ ಬಾವಂಚಿಯಂಥ ದ್ರವ್ಯದಿಂದ ಅಲ್ಲಿ ಲಾಭಕ್ಕಿಂತ ಸುಟ್ಟಗಾಯವೇ ಖಚಿತ.

ಈಗ ಬಾವಂಚಿಯ ವಿಷಯಕ್ಕೆ ಬರೋಣ. ಸಂಸ್ಕೃತದಲ್ಲಿ ಬಾಕುಚಿ ಎನಿಸಿಕೊಂಡ ಈ ಗಿಡ ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ್ದು. ಇದರ ಕಪ್ಪು ಬೀಜದಲ್ಲಿ ಸೊರಾಲೆನ್ ಮತ್ತು ಐಸೊಸೊರಾಲೆನ್ ಎಂಬ ರಾಸಾಯನಿಕಗಳಿವೆ. ಸೊರಾಲೆನ್ ತಾನಾಗಿ ಚರ್ಮಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಅದು ಜೀವಕೋಶದೊಳಗೆ ಇಳಿದು ಡಿಎನ್‌ಎಯ ಎಳೆಗಳ ನಡುವೆ ಸೇರಿಕೊಂಡು ಕಾಯುತ್ತದೆ. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಎ ಕಿರಣ, ಅಂದರೆ 320ರಿಂದ 400 ನ್ಯಾನೊಮೀಟರ್ ತರಂಗಾಂತರದ ಕಿರಣ ಬಿದ್ದೊಡನೆ ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ದಾಳಿಮಾಡುವ ರಕ್ಷಣಾಕೋಶಗಳು ಇದರಿಂದ ಕುಗ್ಗುತ್ತವೆ. ರೋಮಕೂಪದ ವರ್ಣಕೋಶಗಳು ಪ್ರಚೋದನೆಗೊಂಡು ಮೇಲೇರುತ್ತವೆ. ಬೆಳಕಿಲ್ಲದೆ ಹಚ್ಚಿದರೆ ಈ ಕ್ರಿಯೆಯೇ ನಡೆಯುವುದಿಲ್ಲ. ಬೆಳಕು ಹೆಚ್ಚಾದರೆ ಅದೇ ಕ್ರಿಯೆ ಚರ್ಮವನ್ನು ಸುಡುತ್ತದೆ. ಹಾಗಾಗಿ ಇಲ್ಲಿ ಔಷಧದ ಪ್ರಮಾಣ ಎಂದರೆ ಎಣ್ಣೆಯ ಪ್ರಮಾಣವೊಂದೇ ಅಲ್ಲ, ಎಣ್ಣೆ ಮತ್ತು ಬಿಸಿಲು ಎರಡರ ಗುಣಲಬ್ಧ.

ಗಿಡಗಳು ಇಂಥ ದ್ರವ್ಯಗಳನ್ನು ತಯಾರಿಸುವುದು ಕೀಟ ಮತ್ತು ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು. ಬಾವಂಚಿಯಲ್ಲಿ ಮಾತ್ರವಲ್ಲ, ಅಂಜೂರದ ಎಲೆ ಮತ್ತು ಹಾಲಿನಲ್ಲಿ, ಕೆಲವು ಜಾತಿಯ ನಿಂಬೆಯ ಸಿಪ್ಪೆಯಲ್ಲಿ, ಅಜವಾನದ ಕುಟುಂಬದ ಹಲವು ಗಿಡಗಳಲ್ಲಿ ಇದೇ ಗುಂಪಿನ ದ್ರವ್ಯಗಳಿವೆ. ಬಿಸಿಲಿನಲ್ಲಿ ನಿಂಬೆಹಣ್ಣು ಹಿಂಡಿದವರ ಕೈಮೇಲೆ ಮರುದಿನ ಉರಿ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದು ಇದರಿಂದಲೇ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಿತ್ರಕ್ಕೆ, ಅಂದರೆ ತೊನ್ನಿಗೆ, ಹೇಳಿದ ಒಂದು ವಿಧಾನ ಗಮನಾರ್ಹ: ಕಾಡತ್ತಿಯ ಜಾತಿಯ ಮರದ ರಸವನ್ನು ಬೆಲ್ಲದೊಂದಿಗೆ ಕುಡಿಸಿ, ಮೈಗೆ ಎಣ್ಣೆ ಹಚ್ಚಿ, ರೋಗಿಯ ಬಲಕ್ಕೆ ತಕ್ಕಷ್ಟು ಹೊತ್ತು ಬಿಸಿಲಿಗೆ ಒಡ್ಡಿ, ಮಚ್ಚೆಯ ಮೇಲೆ ಎದ್ದ ಬೊಬ್ಬೆಗಳನ್ನು ಮುಳ್ಳಿನಿಂದ ಒಡೆಯಬೇಕು ಎಂದು ಅಲ್ಲಿದೆ. ಗಿಡದ ರಸಕ್ಕೂ ಬಿಸಿಲಿಗೂ ನಂಟಿದೆ ಎಂಬುದನ್ನು, ಬೊಬ್ಬೆ ಬಂದೇ ಬರುತ್ತದೆ ಎಂಬುದನ್ನು ಆ ಕಾಲದ ವೈದ್ಯರು ನಿಖರವಾಗಿ ಕಂಡುಕೊಂಡಿದ್ದರು. ಆ ಮಾತನ್ನು ಬರೆದವರ ವೀಕ್ಷಣೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬೊಬ್ಬೆಯನ್ನು ಚಿಕಿತ್ಸೆಯ ಅಂಗವೆಂದು ಸಹಿಸಬೇಕಾದ ಅಗತ್ಯ ಇಂದು ಇಲ್ಲ.

ನೈಲ್ ನದಿಯ ದಂಡೆಯಲ್ಲಿಯೂ ಇದೇ ಅರಿವು ಬೇರೊಂದು ಗಿಡದ ಮೂಲಕ ಬೆಳೆದಿತ್ತು. ಅಲ್ಲಿ ಬೆಳೆಯುವ ಅಮ್ಮಿ ಮೇಜಸ್ ಎಂಬ, ಕೊತ್ತಂಬರಿಯ ಕುಟುಂಬದ ಗಿಡದ ಬೀಜವನ್ನು ತೊನ್ನಿಗೆ ಕೊಟ್ಟು ಬಿಸಿಲಿಗೆ ಕೂರಿಸುವ ಪದ್ಧತಿಯನ್ನು 13ನೆಯ ಶತಮಾನದ ಸಸ್ಯವೈದ್ಯ ಇಬ್ನ್ ಅಲ್ ಬೈತಾರ್ ದಾಖಲಿಸಿದ್ದಾನೆ. 1940ರ ದಶಕದಲ್ಲಿ ಈಜಿಪ್ಟಿನ ರಸಾಯನಶಾಸ್ತ್ರಜ್ಞರು ಆ ಬೀಜದಿಂದ ಮೆಥಾಕ್ಸಿಸೊರಾಲೆನ್ ಎಂಬ ಶುದ್ಧ ದ್ರವ್ಯವನ್ನು ಬೇರ್ಪಡಿಸಿದರು. ಕೈರೋದ ಚರ್ಮರೋಗ ತಜ್ಞ ಅಬ್ದುಲ್ ಮೊನೆಮ್ ಎಲ್ ಮೋಫ್ತಿ ಅದನ್ನು ತೊನ್ನಿನ ರೋಗಿಗಳಲ್ಲಿ ಬಳಸಿ ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಮುಂದೆ ಸೊರಾಲೆನ್ ಮತ್ತು ದೀಪದ ನೇರಳಾತೀತ ಎ ಕಿರಣವನ್ನು ಸೇರಿಸಿದ ‘ಪುವಾ’ ಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು. ನಮ್ಮ ದೇಶದಲ್ಲಿ ದೀಪದ ಬದಲು ಸೂರ್ಯನನ್ನೇ ಬಳಸುವ ‘ಪುವಾಸೋಲ್’ ದಶಕಗಳ ಕಾಲ ಬಡವರ ಪಾಲಿನ ಚಿಕಿತ್ಸೆಯಾಗಿತ್ತು. ದೀಪವಿಲ್ಲದ ಊರುಗಳಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.

ವೈದ್ಯರು ಇದನ್ನು ಹೇಗೆ ಕೊಡುತ್ತಾರೆ ಎಂಬುದನ್ನು ನೋಡಿದರೆ ಮನೆಯ ಎಣ್ಣೆಯಲ್ಲಿ ಏನು ಕೊರತೆಯಿದೆ ಎಂಬುದು ಅರ್ಥವಾಗುತ್ತದೆ. ಶೇ. 1ರಷ್ಟು ಸಾಂದ್ರತೆಯ ದ್ರಾವಣವನ್ನು ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ತೆಳುಮಾಡಿ, ಮಚ್ಚೆಯ ಅಂಚು ದಾಟದಂತೆ ಹಚ್ಚಿಸಿ, ಸುಮಾರು ಅರ್ಧ ಗಂಟೆ ಬಿಟ್ಟು, ಮೊದಲ ಸಲ ಅರ್ಧ ನಿಮಿಷ ಅಥವಾ ಒಂದು ನಿಮಿಷದ ಬಿಸಿಲಿನಿಂದ ಆರಂಭಿಸುತ್ತಾರೆ. ಕೂಡಲೇ ಸೋಪಿನಿಂದ ತೊಳೆಸುತ್ತಾರೆ, ದಿನದ ಉಳಿದ ಹೊತ್ತು ಆ ಭಾಗವನ್ನು ಮುಚ್ಚಿಸುತ್ತಾರೆ, ನಡುವೆ ದಿನ ಬಿಟ್ಟು ಚರ್ಮ ನಸುಗೆಂಪಾಗಿದೆಯೇ ಎಂದು ನೋಡಿಯೇ ಹೊತ್ತನ್ನು ಹೆಚ್ಚಿಸುತ್ತಾರೆ. ಇಷ್ಟೆಲ್ಲ ಎಚ್ಚರದ ನಡುವೆಯೂ ಬೊಬ್ಬೆ ಏಳುವುದುಂಟು. ನಿಮ್ಮ ಮನೆಯ ಬಾಟಲಿಯಲ್ಲಿರುವ ಎಣ್ಣೆಯಲ್ಲಿ ಸೊರಾಲೆನ್ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಬೀಜ ಬೆಳೆದ ನೆಲ, ಕೊಯ್ದ ಕಾಲ, ದಾಸ್ತಾನಿನಲ್ಲಿ ಕಳೆದ ತಿಂಗಳುಗಳು, ಕಾಯಿಸಿದ ರೀತಿ ಇವೆಲ್ಲದರಿಂದ ಪ್ರಮಾಣ ಬದಲಾಗುತ್ತದೆ. ಹೋದ ವರ್ಷ ಪಕ್ಕದ ಮನೆಯವರಿಗೆ ಏನೂ ಆಗದ ಎಣ್ಣೆ ಈ ವರ್ಷ ನಿಮ್ಮ ಮಗುವಿನ ಕಾಲನ್ನು ಸುಡಬಹುದು.

ನಾನು ಚಿಕಿತ್ಸಾಲಯದಲ್ಲಿ ಕಾಣುವ ಬಾವಂಚಿಯ ಸುಟ್ಟಗಾಯಗಳಿಗೆ ಒಂದು ನಿರ್ದಿಷ್ಟ ಚರಿತ್ರೆಯಿರುತ್ತದೆ. ಎಣ್ಣೆ ಹಚ್ಚಿ ಬಿಸಿಲಿಗೆ ಕೂತ ದಿನ ಏನೂ ಅನಿಸುವುದಿಲ್ಲ. ಸಾಮಾನ್ಯ ಬಿಸಿಲಿನ ಉರಿ ಅದೇ ದಿನ ಕಾಣಿಸಿಕೊಂಡರೆ ಸೊರಾಲೆನ್ನಿನ ಉರಿ ಉತ್ತುಂಗಕ್ಕೇರುವುದು 48ರಿಂದ 72 ಗಂಟೆಗಳ ನಂತರ. ಮೊದಲ ದಿನ ಏನೂ ಆಗಲಿಲ್ಲವೆಂದು ಎರಡನೆಯ ದಿನ ಎಣ್ಣೆಯೂ ಹೆಚ್ಚು, ಬಿಸಿಲೂ ಹೆಚ್ಚು. ಮೂರನೆಯ ದಿನ ಎರಡು ದಿನಗಳ ಸುಡುವಿಕೆಯೂ ಒಟ್ಟಿಗೆ ಏಳುತ್ತದೆ: ಮಚ್ಚೆ ಕಡುಗೆಂಪಾಗಿ, ನೀರು ತುಂಬಿದ ದೊಡ್ಡ ಬೊಬ್ಬೆ, ಎಣ್ಣೆ ಇಳಿದು ಹರಿದ ದಾರಿಯುದ್ದಕ್ಕೂ ಒಳ್ಳೆಯ ಚರ್ಮದ ಮೇಲೆ ಉದ್ದನೆಯ ಗೆರೆ. ಇಲ್ಲಿಗೆ ಮುಗಿದರೆ ಗಾಯ ಮಾಯುತ್ತದೆ ಎನ್ನಬಹುದಿತ್ತು. ತೊನ್ನು ಕ್ರಿಯಾಶೀಲವಾಗಿರುವವರಲ್ಲಿ ಚರ್ಮಕ್ಕೆ ಗಾಯವಾದಲ್ಲೆಲ್ಲ ಹೊಸ ಬಿಳಿ ಮಚ್ಚೆ ಏಳುವ ಸ್ವಭಾವವಿದೆ. ಕೋಬ್ನರ್ ಪ್ರತಿಕ್ರಿಯೆ ಎಂದು ಅದಕ್ಕೆ ಹೆಸರು. ನಾಣ್ಯದಷ್ಟಿದ್ದ ಮಚ್ಚೆ ಅಂಗೈಯಷ್ಟಾಗಿ ಬಂದ ಮಕ್ಕಳನ್ನು ನೋಡುವಾಗ ಆಗುವ ಸಂಕಟ ದೊಡ್ಡದು, ಏಕೆಂದರೆ ಅವರ ಮನೆಯವರೆಲ್ಲ ಪ್ರೀತಿಯಿಂದಲೇ ಹಚ್ಚಿರುತ್ತಾರೆ. ಆರು ತಿಂಗಳೊಳಗೆ ಎರಡನೆಯ ಮಚ್ಚೆ ಬಂದಿರುವ ನಿಮ್ಮ ಮಗಳ ತೊನ್ನು ಈಗ ಕ್ರಿಯಾಶೀಲ ಹಂತದಲ್ಲಿದೆ ಎಂದೇ ಎಣಿಸಬೇಕು. 12 ವರ್ಷದೊಳಗಿನ ಮಕ್ಕಳಿಗೆ ಪುವಾ ಚಿಕಿತ್ಸೆಯನ್ನು ಸಾಮಾನ್ಯವಾಗಿ ವೈದ್ಯರೂ ಕೊಡುವುದಿಲ್ಲ.

ಬಾವಂಚಿ ಬೀಜವನ್ನು ತಿನ್ನಿಸುವ ಸಲಹೆಯೂ ಯಾರಿಂದಾದರೂ ಬಂದೀತು. ಬೀಜದ ಪುಡಿ ಸೇವಿಸಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಆಯುರ್ವೇದದಲ್ಲೂ ಬಾಕುಚಿಯನ್ನು ಶೋಧನೆ, ಅಂದರೆ ಶುದ್ಧೀಕರಣ, ಮಾಡದೆ ಕೊಡಬಾರದು ಎಂಬ ನಿಯಮವಿದೆ, ಅಂಗಡಿಯ ಪುಡಿಗೆ ಆ ಶೋಧನೆ ಆಗಿದೆಯೋ ಇಲ್ಲವೋ ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಇದೇ ಬೀಜದಿಂದ ತೆಗೆದ ಬಾಕುಚಿಯೋಲ್ ಎಂಬ ಇನ್ನೊಂದು ದ್ರವ್ಯ ಈಗ ಮುಖಕ್ಕೆ ಹಚ್ಚುವ ಸೀರಮ್ಮುಗಳಲ್ಲಿ ಜನಪ್ರಿಯವಾಗಿದೆ. ಅದು ಸೊರಾಲೆನ್ ಅಲ್ಲ, ತೊನ್ನಿನ ಔಷಧವೂ ಅಲ್ಲ. ಅದನ್ನು ಬಾವಂಚಿಯ ಸುರಕ್ಷಿತ ರೂಪವೆಂದು ಭಾವಿಸಿ ಮಚ್ಚೆಗೆ ಹಚ್ಚುವುದರಲ್ಲಿ ಅರ್ಥವಿಲ್ಲ.

ಕಾಳುಮೆಣಸಿನ ವಿಷಯ ಇದಕ್ಕಿಂತ ಭಿನ್ನ, ಮತ್ತು ವೈಯಕ್ತಿಕವಾಗಿ ನನಗೆ ತುಂಬ ಕುತೂಹಲದ ವಿಷಯ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ತೊನ್ನಿಗೆ ಸಾಂಪ್ರದಾಯಿಕವಾಗಿ ಬಳಸುವ ಗಿಡಗಳ ಸಾರಗಳನ್ನು ಪರೀಕ್ಷಿಸುವಾಗ ಮೆಣಸಿನ ಸಾರ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಿದ ವರ್ಣಕೋಶಗಳನ್ನು ವೃದ್ಧಿಸುವುದನ್ನು ಕಂಡರು. ಕಾರಣ ಪೈಪರೀನ್, ಅಂದರೆ ಮೆಣಸಿಗೆ ಖಾರ ಕೊಡುವ ದ್ರವ್ಯವೇ. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇಲಿಗಳ ಚರ್ಮಕ್ಕೆ ಪೈಪರೀನನ್ನೂ ಅದರಿಂದ ರೂಪಿಸಿದ ದ್ರವ್ಯಗಳನ್ನೂ ಹಚ್ಚಿದಾಗ ಸಮವಾದ ನಸುಗಂದು ಬಣ್ಣ ಮೂಡಿತು. ಜೊತೆಗೆ ನೇರಳಾತೀತ ಬೆಳಕೂ ಕೊಟ್ಟಾಗ ಬಣ್ಣ ಇನ್ನಷ್ಟು ಗಾಢವಾಯಿತು. ಸೊರಾಲೆನ್ನಿಗಿಂತ ಇದು ಭಿನ್ನವಾಗುವುದು ಎಲ್ಲಿ ಎಂದರೆ, ಪೈಪರೀನ್ ಕೆಲಸ ಮಾಡಲು ಬೆಳಕು ಬೇಕಿಲ್ಲ, ಬದಲಿಗೆ ಬೆಳಕು ಬಿದ್ದರೆ ಪೈಪರೀನ್ ಕೆಡುತ್ತದೆ. ಹಾಗಾಗಿ ಹಚ್ಚುವ ಹೊತ್ತನ್ನೂ ಬೆಳಕಿನ ಹೊತ್ತನ್ನೂ ಬೇರೆ ಬೇರೆ ಇಡಬೇಕಾಗುತ್ತದೆ. ಮಲೆನಾಡು, ಕೊಡಗಿನ ತೋಟಗಳಲ್ಲಿ ಹಬ್ಬುವ ಬಳ್ಳಿಯೊಂದರಿಂದ ನಾಳೆ ಒಳ್ಳೆಯ ಔಷಧವೊಂದು ಬಂದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಇಲಿಯ ಚರ್ಮದಿಂದ ಮನುಷ್ಯರ ಚಿಕಿತ್ಸೆಯವರೆಗಿನ ದಾರಿಯನ್ನು ಮೆಣಸು ಇನ್ನೂ ಪೂರ್ತಿಯಾಗಿ ಕ್ರಮಿಸಿಲ್ಲ. ಒರಳಲ್ಲಿ ಅರೆದ ಮೆಣಸು ಶುದ್ಧ ಪೈಪರೀನ್ ಅಲ್ಲ. ಅದು ಉರಿ ಎಬ್ಬಿಸಿ, ಮಗು ತುರಿಸಿಕೊಂಡು, ತುರಿಸಿದಲ್ಲಿ ಮತ್ತೆ ಆ ಕೋಬ್ನರ್ ಮಚ್ಚೆಯೇ ಬಂದೀತು.

ಉಳಿದ ಗಿಡಗಳ ಬಗ್ಗೆ ಚುಟುಕಾಗಿ ಹೇಳಬಹುದು. ಈಜಿಪ್ಟಿನದೇ ಇನ್ನೊಂದು ಗಿಡ ಅಮ್ಮಿ ವಿಸ್ನಾಗದಿಂದ ಬಂದ ಕೆಲ್ಲಿನ್ ಸೊರಾಲೆನ್ನಿನಷ್ಟು ಸುಡುವುದಿಲ್ಲವೆಂಬ ಕಾರಣಕ್ಕೆ ಒಂದು ಕಾಲದಲ್ಲಿ ಆಸೆ ಹುಟ್ಟಿಸಿತ್ತು. ಒಳಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದರಿಂದ ಆ ದಾರಿ ಮುಚ್ಚಿತು, ಹಚ್ಚುವ ರೂಪ ಮಾತ್ರ ಅಲ್ಲಲ್ಲಿ ಉಳಿದಿದೆ. ಕೃಷ್ಣಜೀರಿಗೆಯ ಎಣ್ಣೆಗೆ ಇರಾನಿನಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಮೀನೆಣ್ಣೆಗಿಂತ ಉತ್ತಮ ಫಲ ಕಂಡಿತ್ತು. ಕರಬೂಜದ ಜಾತಿಯ ಹಣ್ಣಿನ ಸಾರದ ಜೆಲ್ ಯುರೋಪಿನಲ್ಲಿ ಸಾಕಷ್ಟು ಮಾರಾಟವಾಯಿತು. ಬೆಳಕಿನ ಚಿಕಿತ್ಸೆಯ ಜೊತೆಗೆ ಒಂದು ಗುಂಪಿಗೆ ಅದನ್ನೂ ಇನ್ನೊಂದಕ್ಕೆ ಬರಿಯ ಜೆಲ್ಲನ್ನೂ ಕೊಟ್ಟು ಹೋಲಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ಹೀಗೆ ಹೋಲಿಸಿ ನೋಡುವುದು ಏಕೆ ಮುಖ್ಯವೆಂದರೆ, ಬಿಸಿಲೊಂದರಿಂದಲೇ ಕೆಲವರಿಗೆ ಬಣ್ಣ ಮರಳುವುದುಂಟು, ಮತ್ತು ಆ ಯಶಸ್ಸು ಅಂದು ಹಚ್ಚಿಕೊಂಡ ಮುಲಾಮಿನ ಹೆಸರಿಗೆ ಜಮೆಯಾಗುತ್ತದೆ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಬಗ್ಗೆ ಚಂಡೀಗಢದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ, ನಿಧಾನವಾಗಿ ಹರಡುವ ತೊನ್ನು ಅದರಿಂದ ತಡೆಯಿತು ಎಂದು. ಆದರೆ ಅದು ನುಂಗುವ ಔಷಧ, ಹಚ್ಚುವುದಲ್ಲ. ಚಿತ್ರಮೂಲದ ಬೇರು ಮತ್ತು ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ರಸ, ಇವೆರಡನ್ನು ಮಾತ್ರ ಯಾವ ಕಾರಣಕ್ಕೂ ಹತ್ತಿರ ಸೇರಿಸಬೇಡಿ. ಇವು ಬೆಳಕಿಲ್ಲದೆಯೇ ಚರ್ಮವನ್ನು ಸುಡುತ್ತವೆ. ಸುಟ್ಟ ಜಾಗ ಮಾಯುವಾಗ ಕಾಣುವ ಕಪ್ಪನ್ನು ಗುಣವಾಯಿತೆಂದು ತಿಳಿದು ಮತ್ತೆ ಮತ್ತೆ ಹಚ್ಚಿದವರುಂಟು.

ಆನ್‌ಲೈನಿನ ಮುಲಾಮು ಯಾವುದೆಂದು ನೀವು ಬರೆದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯವೊಂದು ಹಿಮಾಲಯದ ಗಿಡಮೂಲಿಕೆಗಳಿಂದ ರೂಪಿಸಿ ಮಾರುಕಟ್ಟೆಗೆ ಬಂದಿರುವ ಲೂಕೋಸ್ಕಿನ್ ಆಗಿದ್ದರೆ, ಅದರ ತಯಾರಿಕೆಗೆ ಒಂದು ವಿಳಾಸವಿದೆ, ಘಟಕಗಳ ಪಟ್ಟಿಯಿದೆ. ಅದನ್ನಾದರೂ ಮಗುವಿಗೆ ಹಚ್ಚುವ ಮೊದಲು ಆ ಪಟ್ಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಬಾಕುಚಿ ಇದೆಯೇ ಎಂದು ಕೇಳಿ. ಇದ್ದರೆ ಮೇಲೆ ಹೇಳಿದ ಬಿಸಿಲಿನ ಮಾತುಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ನನಗೆ ಹೆಚ್ಚು ಭಯವಿರುವುದು ಘಟಕಗಳ ಪಟ್ಟಿಯೇ ಇಲ್ಲದ, ‘ನೂರಕ್ಕೆ ನೂರು ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂದಷ್ಟೇ ಬರೆದಿರುವ ಡಬ್ಬಿಗಳ ಬಗ್ಗೆ. ಅಂಥವುಗಳಲ್ಲಿ ಪ್ರಬಲ ಸ್ಟೀರಾಯ್ಡ್ ಬೆರೆಸಿರುವುದುಂಟು. ಮೊದಲ ತಿಂಗಳು ಬಣ್ಣ ಬಂದಂತೆಯೂ ಕಾಣುತ್ತದೆ, ಏಕೆಂದರೆ ಸ್ಟೀರಾಯ್ಡ್ ತೊನ್ನಿಗೆ ನಿಜಕ್ಕೂ ಕೆಲಸ ಮಾಡುವ ಔಷಧ. ಪ್ರಮಾಣ ತಿಳಿಯದೆ ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ರಕ್ತನಾಳಗಳು ಎದ್ದು ಕಾಣತೊಡಗುತ್ತವೆ.

ಗಿಡದಲ್ಲಿ ಸಿಗುವ ದ್ರವ್ಯವಾದ್ದರಿಂದ ಹಾನಿಯಿಲ್ಲ ಎನ್ನುವವರಿಗೆ ನಾನು ಜಪಾನಿನ ಒಂದು ಪ್ರಸಂಗವನ್ನು ತಪ್ಪದೆ ಹೇಳುತ್ತೇನೆ. ಅಲ್ಲಿನ ಕನೆಬೊ ಸಂಸ್ಥೆ ರೋಡೋಡೆಂಡ್ರಾಲ್ ಎಂಬ ದ್ರವ್ಯವನ್ನು ಮೈಬಣ್ಣ ತಿಳಿಗೊಳಿಸುವ ಕ್ರೀಮುಗಳಲ್ಲಿ ಬಳಸಿತ್ತು. ಬರ್ಚ್ ಮುಂತಾದ ಮರಗಳಲ್ಲಿ ಸಹಜವಾಗಿಯೇ ಇರುವ ದ್ರವ್ಯ ಅದು. ವರ್ಣಕೋಶದ ಒಳಗೆ ಮೆಲನಿನ್ ತಯಾರಿಸುವ ಕಿಣ್ವವೇ ಅದನ್ನು ವಿಷವಾಗಿ ಮಾರ್ಪಡಿಸಿ ಕೋಶವನ್ನು ಕೊಲ್ಲುತ್ತದೆ ಎಂಬುದು ಆಮೇಲೆ ತಿಳಿಯಿತು. 2013ರ ಜುಲೈನಲ್ಲಿ ಆ ಉತ್ಪನ್ನಗಳನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಸಾವಿರಾರು ಹೆಣ್ಣುಮಕ್ಕಳ ಮುಖ, ಕತ್ತು, ಕೈಗಳಲ್ಲಿ ತೊನ್ನಿನಂಥದೇ ಬಿಳಿ ಮಚ್ಚೆಗಳು ಬಂದಿದ್ದವು. ಬಣ್ಣ ಕಳೆಯುವ ರಾಸಾಯನಿಕಗಳು ನಮ್ಮ ಮನೆಗಳಲ್ಲೂ ಇವೆ: ಹಣೆಗೆ ಅಂಟಿಸುವ ಸ್ಟಿಕರ್ ಬಿಂದಿಯ ಅಂಟು, ಹವಾಯಿ ಚಪ್ಪಲಿಯ ರಬ್ಬರು ಕೆಲವರಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಬಣ್ಣ ಕಳೆಯುತ್ತವೆ. ನಿಮ್ಮ ಮಗಳಿಗೆ ಬಿಂದಿ ಅಂಟಿಸುವ ರೂಢಿಯಿದ್ದರೆ ಸದ್ಯಕ್ಕೆ ಕುಂಕುಮಕ್ಕೆ ಬದಲಿಸಿ.

ಹಾಗಾದರೆ ಮಾಡಬೇಕಾದದ್ದೇನು? ಈ ವಯಸ್ಸಿನ ಮಗುವಿಗೆ, ಎರಡೇ ಸಣ್ಣ ಮಚ್ಚೆಗಳಿರುವಾಗ, ಚರ್ಮರೋಗ ತಜ್ಞರು ಸಾಮಾನ್ಯವಾಗಿ ಟ್ಯಾಕ್ರೊಲಿಮಸ್ ಮುಲಾಮಿನಿಂದ ಆರಂಭಿಸುತ್ತಾರೆ, ಮಕ್ಕಳಿಗೆ ಶೇ. 0.03ರ ಸಾಂದ್ರತೆ. ಚರ್ಮ ತೆಳುವಾಗಿಸದೆ ದಾಳಿಯನ್ನು ತಣಿಸುವ ಈ ಔಷಧ ತುಟಿಯ ಸುತ್ತಲಿನ ಭಾಗಕ್ಕೂ ಹೊಂದುತ್ತದೆ. ಮಂಡಿಗೆ ಸೀಮಿತ ಅವಧಿಗೆ, ಗಡುವು ಹಾಕಿ, ಸ್ಟೀರಾಯ್ಡ್ ಮುಲಾಮನ್ನೂ ಕೊಡಬಹುದು. ಮಚ್ಚೆಗಳು ಹೆಚ್ಚುತ್ತಿದ್ದರೆ ನ್ಯಾರೋಬ್ಯಾಂಡ್ ಯುವಿಬಿ ಎಂಬ ಬೆಳಕಿನ ಚಿಕಿತ್ಸೆಯಿದೆ. 311 ನ್ಯಾನೊಮೀಟರ್ ಸುತ್ತಲಿನ ಕಿರಣವನ್ನಷ್ಟೇ ಸೂಸುವ ದೀಪದೆದುರು ವಾರಕ್ಕೆ ಎರಡು ಮೂರು ಸಲ ಕೆಲವು ಸೆಕೆಂಡು, ಮುಂದೆ ಕೆಲವು ನಿಮಿಷ ನಿಲ್ಲಿಸುತ್ತಾರೆ. ಇದಕ್ಕೆ ಸೊರಾಲೆನ್ ಬೇಕಿಲ್ಲ. ಆಮ್‌ಸ್ಟರ್‌ಡಾಮಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ನಾಲ್ಕು ತಿಂಗಳ ನಂತರ ಸೊರಾಲೆನ್ ಹಚ್ಚಿ ಬೆಳಕು ಕೊಟ್ಟವರಲ್ಲಿ ಶೇ. 46ರಷ್ಟು ಮಂದಿಗೆ ಬಣ್ಣ ಮರಳತೊಡಗಿದರೆ ಈ ದೀಪದ ಕೆಳಗೆ ಶೇ. 67ರಷ್ಟು ಮಂದಿಗೆ ಮರಳಿತ್ತು, ಅಡ್ಡಪರಿಣಾಮವೂ ಕಡಿಮೆಯಿತ್ತು. ಬಾವಂಚಿಯ ದಾರಿಯಿಂದ ವೈದ್ಯರು ಪಕ್ಕಕ್ಕೆ ಸರಿದದ್ದು ಇಂಥ ಹೋಲಿಕೆಗಳ ಬಲದಿಂದ, ಮೂಲಿಕೆಯ ಮೇಲಿನ ತಾತ್ಸಾರದಿಂದಲ್ಲ. ಅಮೆರಿಕದಲ್ಲಿ 2022ರ ಜುಲೈನಲ್ಲಿ ಒಪ್ಪಿಗೆ ಪಡೆದ ರುಕ್ಸೊಲಿಟಿನಿಬ್ ಕ್ರೀಮು ತೊನ್ನಿನ ಬಣ್ಣ ಮರಳಿಸಲೆಂದೇ ಅಲ್ಲಿ ಒಪ್ಪಿಗೆಯಾದ ಮೊದಲ ಔಷಧ. ಆ ಒಪ್ಪಿಗೆ 12 ವರ್ಷ ತುಂಬಿದವರಿಗೆ ಮಾತ್ರ. ಮಗುವಿಗೆ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಏಕೆಂದರೆ ಇವೆರಡು ತೊಂದರೆಗಳು ಜೊತೆಗೂಡಿ ಬರುವುದು ಅಪರೂಪವಲ್ಲ.

ಯಾವ ಚಿಕಿತ್ಸೆಯಾದರೂ ತಿಂಗಳಿಗೊಮ್ಮೆ ಅದೇ ಕಿಟಕಿಯ ಬಳಿ, ಅದೇ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿಯಿಟ್ಟು ಫೋಟೊ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಮೂರು ತಿಂಗಳಿಗೆ ಮೊದಲು ಚಿಕಿತ್ಸೆ ಬದಲಿಸಬೇಡಿ. ಮುಖದ ಮಚ್ಚೆಗಳಲ್ಲಿ ಬಣ್ಣ ಚೆನ್ನಾಗಿ ಮರಳುತ್ತದೆ, ಬೆರಳ ತುದಿ ಮತ್ತು ತುಟಿ ಹಠಮಾರಿಗಳು, ಮಂಡಿ ಇವೆರಡರ ನಡುವಿನದು. ಹಾಲು, ಮೀನು, ಹುಳಿ ಯಾವುದನ್ನೂ ಬಿಡಿಸಬೇಡಿ. ಇವುಗಳಿಂದ ತೊನ್ನು ಬರುತ್ತದೆ ಅಥವಾ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆಯಿಲ್ಲ, ಬೆಳೆಯುವ ಮಗುವಿಗೆ ಮೂರೂ ಬೇಕು. ಇದು ಮುಟ್ಟಿದರೆ ಅಂಟುವ ಕಾಯಿಲೆಯಲ್ಲ, ಕುಷ್ಠವೂ ಅಲ್ಲ ಎಂಬುದನ್ನು ಮಗಳಿಗೂ ಅವಳ ತರಗತಿಯ ಟೀಚರಿಗೂ ನೀವೇ ಹೇಳಿ, ಬೇರೆಯವರ ಬಾಯಿಂದ ತಪ್ಪು ಮಾತು ಅವಳ ಕಿವಿಗೆ ಬೀಳುವ ಮೊದಲು.

ನೀವು ಈ ಉತ್ತರ ಓದುವ ಹೊತ್ತಿಗೆ ಎಣ್ಣೆ ಹಚ್ಚಿ ಆಗಿದ್ದರೆ ಗಾಬರಿಯಾಗಬೇಡಿ. ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ, ಆ ಭಾಗಕ್ಕೆ ಮೂರು ದಿನ ಬೆಳಕು ತಾಕದಂತೆ ದಪ್ಪ ಬಟ್ಟೆಯಿಂದ ಮುಚ್ಚಿ. ಮನೆಯೊಳಗೆ ಕಿಟಕಿಯ ಪಕ್ಕ ಅಥವಾ ಶಾಲೆಯ ಬಸ್ಸಿನಲ್ಲಿ ಗಾಜಿನ ಪಕ್ಕ ಕೂತರೂ ರಕ್ಷಣೆ ಸಿಗದು, ಏಕೆಂದರೆ ಸೊರಾಲೆನ್ನನ್ನು ಕೆರಳಿಸುವ ಕಿರಣ ಗಾಜನ್ನು ದಾಟಿ ಬರುತ್ತದೆ. ಕೆಂಪಾದರೆ ತಣ್ಣೀರಿನ ಬಟ್ಟೆ ಇಡಿ. ಬೊಬ್ಬೆ ಎದ್ದರೆ ಒಡೆಯಬೇಡಿ, ಅರಿಸಿನ, ಟೂತ್‌ಪೇಸ್ಟ್ ಯಾವುದನ್ನೂ ಮೆತ್ತಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಹೋಗುವಾಗ ಎಣ್ಣೆಯ ಬಾಟಲಿಯನ್ನೂ ಕೊಂಡುಹೋಗಿ, ಸಾಧ್ಯವಾದರೆ ನಿಮ್ಮ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ಬೀಜ, ಯಾವ ಎಣ್ಣೆ, ಎಷ್ಟು ಹೊತ್ತು ಕಾಯಿಸಿದ್ದು ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಬಲ್ಲವರು ಅವರೊಬ್ಬರೇ.